ಹಿರಿಯಕ್ಕ ಹಸಿರು, ಕಿರಿಯವಳು ನೀಲಿ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಸಲೂನಿನ ಕಬ್ಬಿಣದ ಬಾಗಿಲು ಅರ್ಧ ಮಾತ್ರ ಮೇಲೇರಿದೆ. ಅದರಡಿ ಬಗ್ಗಿ ಒಳಹೊಕ್ಕ ಅರವತ್ತರ ಆಸುಪಾಸಿನ ಮನುಷ್ಯ ದೀಪ ಹಾಕುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತ, ಬೀರುವಿನಷ್ಟು ಅಗಲದ ಹಳೆಯ ಟಿವಿಯ ಗುಂಡಿ ಒತ್ತಿ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಸುಮ್ಮನೆ ಕುಳಿತುಬಿಡುತ್ತಾರೆ. ಪೆಟ್ಟಿಗೆ ಬಿಸಿಯಾಗಬೇಕು. ತಣ್ಣಗಿರುವಾಗ ಹೊಂದಿಸಿದ ಬಣ್ಣ ಬಿಸಿಯಾದಾಗ ಜಾರುತ್ತದೆ ಎಂಬುದು ಈ ಕಸುಬಿನ ಮೊದಲ ಪಾಠ. ಪರದೆಯ ಮೇಲೆ ಹೊರಗಿನ ಬೆಳಕು ಬಿದ್ದರೆ ಗೆರೆಗಳು ಸುಳ್ಳು ಹೇಳುತ್ತವೆ ಎಂಬುದು ಎರಡನೆಯದು. ಅದಕ್ಕೇ ಇವರ ಕೆಲಸಕ್ಕೆ ಮುಂಜಾವೇ ಹೊತ್ತು.

"ಮಾಮ, ಟೀ ತರ್ಲಾ?" ಕತ್ತಲೆಯೊಳಗಿಂದ ಸಲೂನಿನ ಯಜಮಾನ ಕೇಳುತ್ತಾನೆ.

"ಧೈರ್ಯ ಕೊಡೋ ಟೀ ಇದ್ರೆ ತಾ."

ಇಷ್ಟು ವರ್ಷ ಪೆಟ್ಟಿಗೆ ಮುಟ್ಟಲು ಇವರು ಧೈರ್ಯ ಬೇಡಿದ್ದನ್ನು ಯಾರೂ ಕಂಡವರಿಲ್ಲ. ಇಂದು ಬೇಡಲು ಕಾರಣವಿದೆ. ಬಲಗಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಮುಟ್ಟುತ್ತಿರುವ ಮೊದಲ ಪೆಟ್ಟಿಗೆ ಇದು. ಮೂರು ಬಣ್ಣಗಳನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಲು ಹೊಸ ಕಣ್ಣು ಒಪ್ಪದಿದ್ದರೆ, ಕೊನೆಯದೂ ಇದೇ.

ಬೀದಿಯವರಿಗೆಲ್ಲ ಇವರು 'ಪೆಟ್ಟಿಗೆ ಮಾಮ'. ಈ ಹೆಸರು ಬಂದ ಬಗೆಗೆ ಎರಡು ಪಾಠಗಳು ಚಾಲ್ತಿಯಲ್ಲಿವೆ. ಖಾಲಿ ಟಿವಿ ಪೆಟ್ಟಿಗೆಯೊಳಗೆ ಬೆಸುಗೆ ಹಾಕಲು ಹೊಕ್ಕವರು ಅಲ್ಲೇ ನಿದ್ದೆಹೋಗಿ, ಗಿರಾಕಿಗಳು ಊರೆಲ್ಲ ಹುಡುಕಿದರು ಎಂಬುದು ಬೀದಿಯ ಪಾಠ. ಹೆಂಡತಿಯ ಪಾಠವೇ ಬೇರೆ: "ಹಿಂದಿನ ಕೋಣೆ ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ನಮ್ಮನೇಲಿ ಬದುಕಿರೋರಿಗಿಂತ ಸತ್ತಿರೋ ಟಿವಿಗಳಿಗೇ ಜಾಗ ಜಾಸ್ತಿ." ಮಾಮನನ್ನು ಕೇಳಿದರೆ, "ಎರಡೂ ನಿಜ ಅಂತ್ಲೇ ಇಟ್ಕೊಳ್ಳಿ, ನಂಗೇನು ನಷ್ಟ" ಎನ್ನುತ್ತಾರೆ.

ಆ ಸತ್ತ ಪೆಟ್ಟಿಗೆಗಳೇ ಇವರ ಉಗ್ರಾಣ. ಬಿಡಿಭಾಗ ತಯಾರಿಸುವವರು ಕೈಬಿಟ್ಟು ಕಾಲವಾಯಿತು. ಒಂದರ ಕನ್ನಡಿ, ಇನ್ನೊಂದರ ಮಸೂರ, ಮತ್ತೊಂದರ ಪರದೆ ಕಳಚಿ ಬದುಕಿರುವುದಕ್ಕೆ ಜೋಡಿಸುತ್ತಾರೆ. ಹರೆಯದಲ್ಲಿ ಇವರು ಟಿವಿ ಅಂಗಡಿಯ ಹೊರೆಯಾಳು. ನಾಲ್ವರು ಹೊರುವ ಈ ಭಾರವನ್ನು ಮೆಟ್ಟಿಲೇರಿಸಿ ಸೊಂಟ ಸವೆಸಿಕೊಂಡವರಿಗೆ, ಇಷ್ಟು ಭಾರದೊಳಗೆ ಇರುವುದಾದರೂ ಏನೆಂಬ ಕುತೂಹಲ. ಅಂಗಡಿಯ ಮೆಕ್ಯಾನಿಕ್ ಹಿಂಬದಿ ಬಿಚ್ಚಿದಾಗಲೆಲ್ಲ ಇಣುಕಿ, ಬೈಸಿಕೊಂಡು, ಕಲಿತರು. ತೆಳುವಾದ ಟಿವಿಗಳು ಬಂದವು, ಅಂಗಡಿ ಮುಚ್ಚಿತು, ಮೆಕ್ಯಾನಿಕ್ ಫ್ರಿಜ್ ರಿಪೇರಿಗೆ ಹೊರಳಿದರು. ಮಾಮ ಮಾತ್ರ ಹಿಡಿದ ಕೊಂಬೆ ಬಿಡಲಿಲ್ಲ.

ಒಳಗಿರುವುದನ್ನು ಅವರು ಹೇಳುವ ರೀತಿಯೇ ಒಂದು ಕಥೆ. ಕೆಂಪು, ಹಸಿರು, ನೀಲಿ: ಮೂರು ಪುಟ್ಟ ಪಿಕ್ಚರ್ ಟ್ಯೂಬುಗಳು ಪೆಟ್ಟಿಗೆಯ ತಳದಲ್ಲಿ ಸಾಲಾಗಿ ಕೂತು ಬೆಳಕು ಚೆಲ್ಲುತ್ತವೆ, ಹಿಂದೆ ಓರೆಯಾಗಿ ನಿಂತ ಕನ್ನಡಿ ಅದನ್ನು ಹಿಡಿದು ಪರದೆಗೆ ಎಸೆಯುತ್ತದೆ. "ಮೂವರು ಅಕ್ಕತಂಗೀರು ಅಂದ್ಕೊಳ್ಳಿ. ಹಸಿರು ಹಿರಿಯಕ್ಕ. ಅವಳನ್ನ ಮೊದಲು ನೆಟ್ಟಗೆ ನಿಲ್ಲಿಸ್ಬೇಕು. ಆಮೇಲೆ ಕೆಂಪು ಬಂದು ಅವಳ ಹೆಜ್ಜೆ ಮೇಲೇ ಹೆಜ್ಜೆ ಇಟ್ರೆ ಹಳದಿ. ಕೊನೆಗೆ ನೀಲಿ ಸೇರಿದ್ರೆ ಬಿಳಿ. ಕಿರಿಯವಳು ನೋಡಿ, ಮುದ್ದು ಜಾಸ್ತಿ, ಮಾತು ಕೇಳಲ್ಲ."

ಆ ಕಿರಿಯವಳೇ ಈ ಸಲ ಮಾಮನನ್ನು ಸತಾಯಿಸಿದ್ದು.

ಕೆಲವು ತಿಂಗಳ ಹಿಂದೆ ಈ ಸಲೂನಿನ ಟಿವಿಯಲ್ಲಿ ಬಣ್ಣಗಳು ಮೂರು ದಿಕ್ಕಿಗೆ ಚದುರಿದವು. "ಮಾಮ, ಹನ್ನೊಂದು ಜನ ಆಡ್ತಿದ್ದ ತಂಡದಲ್ಲಿ ಮೂವತ್ಮೂರು ಜನ ಓಡಾಡ್ತಿದ್ದಾರೆ. ಆದ್ರೂ ಸೋಲ್ತಿದ್ದಾರೆ," ಎಂದು ಯಜಮಾನ ದೂರು ತಂದ. ಬಣ್ಣಗಳನ್ನು ಒಟ್ಟಿಗಿಡುವ ಎರಡು ಎಲೆಕ್ಟ್ರಾನಿಕ್ ಚಿಪ್‌ಗಳಲ್ಲಿ ಒಂದು ಸುಟ್ಟಿತ್ತು. ಮಾಮ ಎರಡನ್ನೂ ಬದಲಾಯಿಸಿದರು. ಜೋಡಿ ಎತ್ತಿನಲ್ಲಿ ಒಂದನ್ನೇ ಬದಲಿಸಿದರೆ ನೊಗ ವಾಲುತ್ತದೆ ಎಂಬುದು ಅವರ ನಂಬಿಕೆ. ಚದುರಿದವರು ಒಂದಾದರು. ಆದರೆ ಮಾಮನ ಕಣ್ಣಿಗೆ ನೀಲಿ ಮಂಕು.

ಇಂಥ ಪೆಟ್ಟಿಗೆಗಳಲ್ಲಿ ನೀಲಿ ಮಂಕಾಯಿತೆಂದರೆ ನುರಿತವರು ನೇರವಾಗಿ ಕೈಹಾಕುವುದು ಒಂದೇ ಕಡೆಗೆ. ಟ್ಯೂಬಿಗೂ ಮಸೂರಕ್ಕೂ ನಡುವೆ ಕಾವು ಹೀರುವ ತಿಳಿದ್ರವವಿದೆ. ವರ್ಷಗಳುರುಳಿದಂತೆ ಅದು ಮಬ್ಬಾಗುತ್ತದೆ. ಮಾಮ ಅದನ್ನು ಬಸಿದು, ತೊಳೆದು, ಹೊಸದು ತುಂಬಿದರು. ಮಂಕು ಹೋಗಲಿಲ್ಲ. ಮತ್ತೊಮ್ಮೆ ಬಸಿದರು. ಕನ್ನಡಿಯ ಬೆಳ್ಳಿಲೇಪಕ್ಕೆ ಗೀರು ಬೀಳದಂತೆ ಮೆತ್ತನೆಯ ಬ್ರಷ್ಷಿನಿಂದ ದೂಳು ಕೊಡವಿದರು. ಆಗಲೂ ಇಲ್ಲ. "ಚೆನ್ನಾಗೇ ಕಾಣ್ತಿದೆಯಲ್ಲ ಮಾಮ, ಇನ್ನೇನು ಬೇಕು?" ಎಂದ ಯಜಮಾನ. ಅಂಗಡಿ ತೆರೆಯುವ ಆತುರಕ್ಕೆ ಹೇಳುತ್ತಿದ್ದಾನೆಂದು ಬಗೆದು, ಮಾಮ ನೀಲಿಯ ಬೆಳಕನ್ನೇ ಏರಿಸಿ, ಅದರ ಗೆರೆಗಳನ್ನೂ ತಮ್ಮ ಕಣ್ಣಳತೆಗೆ ಮತ್ತೆ ಹೊಂದಿಸಿ ಮನೆಗೆ ಹೋದರು.

ಮರುದಿನ ಕ್ಷೌರಕ್ಕೆ ಬಂದ ಗಿರಾಕಿಯೊಬ್ಬ ಪರದೆಯತ್ತ ನೋಡಿ, "ಏನಯ್ಯಾ, ವಾರ್ತೆ ಓದೋಳಿಗೆ ವಿಷ ಕುಡಿಸಿದ್ದೀಯ?" ಎಂದನಂತೆ. ಅವಳ ಮುಖವೆಲ್ಲ ನೀಲಿ; ಆಟ ಹಾಕಿದರೆ ಪ್ರತಿ ಆಟಗಾರನ ಪಕ್ಕದಲ್ಲೂ ಒಂದು ನೀಲಿ ನೆರಳು. ಮಾಮ ಬಂದು ನೋಡಿದರು. ಅವರಿಗೆ ಎಲ್ಲ ಸರಿಯಾಗಿಯೇ ಕಂಡಿತು. ಹಿರಿಯರ ಮುಖಕ್ಕೆ ಹೊಡೆದಂತೆ ಹೇಳಲಾಗದೆ ಯಜಮಾನ ಸುಮ್ಮನಾದ.

ನಿಜವನ್ನು ಹೊರಗೆಳೆದವಳು ಹೆಂಡತಿ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅಂದು ಕಡುನೀಲಿ ದಾರದ ಉಂಡೆ ಕೇಳಿದರೆ ಮಾಮ ಕೊಟ್ಟದ್ದು ಕಪ್ಪು. ಮತ್ತೆ ಕೇಳಿದಳು, ಮತ್ತೆ ಕಪ್ಪು. ಆಕೆ ಯಂತ್ರ ನಿಲ್ಲಿಸಿ, ಎರಡೂ ಉಂಡೆ ಅವರ ಮುಂದೆ ಹಿಡಿದಳು.

"ಏನ್ರೀ, ಇದರಲ್ಲಿ ನೀಲಿ ಯಾವುದು?"

"ಎರಡೂ ಕಪ್ಪೇ ಅಲ್ವಾ?"

ಆಕೆ ಎರಡೂ ಉಂಡೆಗಳನ್ನು ಮಡಿಲಿಗಿಟ್ಟುಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಆ ಸಲೂನಿನ ಟಿವಿಗೆ ಏನೂ ಆಗಿಲ್ಲ ಕಣ್ರೀ."

ಕಣ್ಣಿನ ವೈದ್ಯೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಎರಡೂ ಕಣ್ಣಿನ ಮಸೂರ ಹಳದಿಗಟ್ಟಿ ಮಬ್ಬಾಗಿತ್ತು. ಎಲ್ಲಕ್ಕಿಂತ ಮೊದಲು ಅದು ತಿಂದದ್ದು ನೀಲಿಯನ್ನು. "ದ್ರವ ಬದಲಾಯಿಸಿದ್ರೆ ಸಾಕಾಗಲ್ವಾ, ಡಾಕ್ಟ್ರಮ್ಮ?" ಎಂದು ಮಾಮ ಕೇಳಿದಾಗ, "ದ್ರವ ಅಲ್ಲ, ಲೆನ್ಸನ್ನೇ ಬದಲಾಯಿಸ್ಬೇಕು," ಎಂದು ಆಕೆ ನಕ್ಕರು. ಮಾಮ ನಗಲಿಲ್ಲ. ಮಬ್ಬೋ ಹಳದಿಯೋ, ಕೂದಲೆಳೆ ಸರಿದ ಗೆರೆಯನ್ನು ಹಿಡಿದುಕೊಟ್ಟದ್ದು ಅದೇ ಕಣ್ಣು. ಅದರ ಬದಲು ಬರುವುದು ಹೇಗಿರುತ್ತದೋ. ವಾರಗಟ್ಟಲೆ ಮುಂದೂಡಿದರು. ಕೊನೆಗೆ ಹೆಂಡತಿಯೇ, "ಹೆದರ್ಕೊಂಡು ಕೂತ್ರೆ ಬಣ್ಣ ತಾನಾಗೇ ಬಂದು ಕೂರುತ್ತಾ? ಒಂದು ಕಣ್ಣು ಮಾಡಿಸಿ. ಸರಿಹೋಗದಿದ್ರೆ ಇನ್ನೊಂದು ಹಂಗೇ ಇರ್ಲಿ, ಸಾಕ್ಷಿಗೆ," ಎಂದು ಕೈಹಿಡಿದು ಕರೆದೊಯ್ದಳು.

ಈಗ ಪೆಟ್ಟಿಗೆ ಬಿಸಿಯಾಗಿದೆ. ಉಳಿದೆರಡು ಮಸೂರಗಳಿಗೆ ರಟ್ಟಿನ ಮುಚ್ಚಳವಿಟ್ಟು ಮಾಮ ಹಸಿರನ್ನು ಮಾತ್ರ ಬಿಡುತ್ತಾರೆ. ಪರದೆಯ ತುಂಬ ಹಸಿರು ಗೆರೆಗಳ ಚೌಕಳಿ. ಬಾಗಿದ ಮೂಲೆಯೊಂದನ್ನು ನೆಟ್ಟಗಾಗಿಸಿ ಕೆಂಪಿನ ಮುಚ್ಚಳ ತೆಗೆಯುತ್ತಾರೆ. ಕೆಂಪು ಕೊಸರಾಡಿ, ಕೊನೆಗೆ ಅಕ್ಕನ ಮೇಲೆ ಕೂತು ಹಳದಿಯಾಗುತ್ತದೆ. ಮಾಮ ಟೀ ಲೋಟ ಕೆಳಗಿಟ್ಟು ಮೂರನೆಯ ಮುಚ್ಚಳಕ್ಕೆ ಕೈಹಾಕುತ್ತಾರೆ. ಯಜಮಾನ ಹತ್ತಿರ ಬಂದು ನಿಲ್ಲುತ್ತಾನೆ.

ನೀಲಿ ಹೊರಬಂದದ್ದೇ ಮಾಮ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಪ್ರತಿ ಗೆರೆಯ ಎಡಕ್ಕೂ, ಬೆರಳು ದಪ್ಪ ಬಿಟ್ಟು, ಉರಿಯುವ ನೀಲಿ ಗೆರೆ.

"ಇಷ್ಟು ಆಚೆ ನಿಲ್ಲಿಸಿದ್ನೇನಯ್ಯಾ ಇವಳನ್ನ? ಇಷ್ಟು ಜೋರಾಗಿ?"

"ಇಷ್ಟು ದಿನ ಹಂಗೇ ನಿಂತಿದ್ಲು ಮಾಮ."

"ನೀನ್ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಳ್ಕೊಡೋಷ್ಟು ದೊಡ್ಡವನಾ ನಾನು?"

ಮಾಮ ಗುಂಡಿಗಳ ಕಡೆಗೆ ಬಗ್ಗುತ್ತಾರೆ. ನೀಲಿಯ ಬೆಳಕನ್ನು ಮೊದಲು ಇಳಿಸುತ್ತಾರೆ. ಆಮೇಲೆ ನಡುವಿನಿಂದ ಅಂಚಿಗೆ, ಅಂಚಿನಿಂದ ಮೂಲೆಗೆ, ಒಂದೊಂದೇ ಗೆರೆಯನ್ನು ತವರಿಗೆ ಕರೆತರುವಂತೆ ಸರಿಸುತ್ತಾರೆ. ಚೌಕಳಿ ಬೆಳ್ಳಗಾಗುತ್ತದೆ. ಅವರು ಬಲಗಣ್ಣು ಮುಚ್ಚಿ ನೋಡುತ್ತಾರೆ: ಹಳೆಯ ಮಸುಕು ಹಳದಿ. ಎಡಗಣ್ಣು ಮುಚ್ಚಿ ನೋಡುತ್ತಾರೆ: ಒಗೆದು ಹರವಿದ ಬಟ್ಟೆಯಂಥ ಬಿಳುಪು. ಒಂದು ಗೆರೆಯ ಅಂಚಿನಲ್ಲಿ ನೀಲಿ ಎಳೆ ಇಣುಕುತ್ತಿದೆ, ಕೂದಲಿನಷ್ಟು. ಅದನ್ನೂ ಹಿಡಿದು ಒಳಗೆ ತಳ್ಳುತ್ತಾರೆ.

ಬಾಗಿಲು ಪೂರ್ತಿ ಮೇಲೇರುತ್ತದೆ, ಬೀದಿಯ ಬೆಳಕು ಒಳಬರುತ್ತದೆ. ಯಜಮಾನ ನಿನ್ನೆಯ ಆಟ ಹಾಕಿ, ಬೆರಳು ಮಡಚುತ್ತ ಎಣಿಸುತ್ತಾನೆ. "ಹನ್ನೊಂದೇ ಜನ, ಮಾಮ. ನೆರಳೂ ಇಲ್ಲ."

"ಗೆದ್ರಾ?"

"ಎಲ್ಲಿ ಗೆಲ್ತಾರೆ?"

"ಅದು ನನ್ನ ರಿಪೇರಿಗೆ ಬರಲ್ಲಪ್ಪ," ಎನ್ನುತ್ತ ಮಾಮ ಚೀಲಕ್ಕೆ ರಟ್ಟಿನ ಮುಚ್ಚಳಗಳನ್ನು ತುಂಬುತ್ತಾರೆ.

ಎಡಗಣ್ಣಿನ ಸರದಿ ಮುಂದಿನ ತಿಂಗಳು. ಅದಕ್ಕೂ ಮೊದಲು ಮುಗಿಸಬೇಕಾದ ಕೆಲಸವೊಂದಿದೆ ಎನ್ನುತ್ತಾರೆ ಅವರು; ಬೇರೆ ಆಸೆ ಏನೂ ಇಲ್ಲವಂತೆ. "ಕಣ್ಣು ಮಬ್ಬಾದ ಮೇಲೆ ಎಷ್ಟು ಮನೆ ಪೆಟ್ಟಿಗೆ ಮುಟ್ಟಿದ್ದೀನೋ, ಎಲ್ಲ ಕಡೇನೂ ನೀಲಿ ಏರಿಸೇ ಬಂದಿರ್ತೀನಿ. ಪಾಪ, ಮಾಮನ ಮನಸ್ಸು ನೋಯುತ್ತೆ ಅಂತ ಯಾರೂ ಬಾಯಿ ಬಿಡದೆ, ನೀಲಿ ಮುಖಾನೇ ನೋಡ್ಕೊಂಡು ಕೂತಿದ್ದಾರೆ." ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾರೆ. "ಒಂದೊಂದು ಮನೆಗೂ ಹೋಗ್ತೀನಿ. ಅವರ ಟಿವಿ ಕೆಟ್ಟಿಲ್ಲ ಅಂತ ಹೇಳಿ, ಸರಿ ಮಾಡಿ ಬರ್ತೀನಿ."