ಗ್ಯಾಲರಿಯ ತುದಿಯಲ್ಲಿ ಕಣ್ಣಿಗೆ ರಜೆ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದವರು ನನ್ನ ದೊಡ್ಡಪ್ಪ. ಬೆನ್ನ ಹಿಂದೆ ಅಂದದ್ದಲ್ಲ. ನಮ್ಮ ಮನೆಯಲ್ಲೇ ಊಟಕ್ಕೆ ಕೂತು, ನಾನು ಬಡಿಸುತ್ತಿರುವಾಗ ಅಂದರು. "ಈ ಕಣ್ಣು ಇಟ್ಕೊಂಡು ಈಕಿ ಏನ್ ಓದ್ತಾಳ? ಚಷ್ಮಾ ಏರಿಸಿದ್ರ ಗಂಡೂ ಸಿಗಂಗಿಲ್ಲ, ಡಿಗ್ರೀನೂ ಸಿಗಂಗಿಲ್ಲ." ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ಆದರೂ ಅಲ್ಲಿ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದು ಅವರಿಗೆ ಪಕ್ಕಾ ಗೊತ್ತಿತ್ತು.

ವಿಜಯಪುರದಿಂದ ಮುಂಬೈಗೆ ಮೊದಲು ಬಂದವರು ಅವರು. ಆಂಟಾಪ್ ಹಿಲ್‌ನಲ್ಲಿ ನಾವಿದ್ದ ಒಂದೇ ಕೋಣೆಯ ಖೋಲಿ ಅವರ ಹೆಸರಿನಲ್ಲಿತ್ತು; ಅದೇ ಮಾಳಿಗೆಯ ಕೊನೆಯ ಖೋಲಿಯಲ್ಲಿ ಅವರ ವಾಸ. ಹೀಗಾಗಿ ನಮ್ಮ ಕಣ್ಣು, ಹಲ್ಲು, ಮದುವೆ ಎಲ್ಲದಕ್ಕೂ ಅವರದೇ ತೀರ್ಪು. ಹೈಸ್ಕೂಲಿನಲ್ಲಿ ನನಗೆ ಬೋರ್ಡು ಮಸುಕಾದಾಗ ಕಣ್ಣಿಗೆ ಜೇನುತುಪ್ಪ ಬಿಡಿಸಿದರು. ಆಮೇಲೆ ಹರಳೆಣ್ಣೆಯ ಕಾಡಿಗೆ. ಕಣ್ಣು ಕೆಂಪಾಗಿ ಊದಿಕೊಂಡಾಗ, "ಒಳಗಿನ ಹೊಲಸು ಹೊರಗ ಬರಾಕತ್ತೈತಿ, ಬರ್ಲಿ ಬಿಡ್ರಿ" ಎಂದರು. ನಾನು ಅದನ್ನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ.

ಕಾಲೇಜು ಸೇರಿದ ಮೇಲೆ ಅವ್ವ ಯಾರಿಗೂ ಹೇಳದೆ ನನ್ನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದೊಯ್ದಳು. ಜೇನಿನ ಕಥೆ ಕೇಳಿ ಆ ಹೆಂಗಸು ಅವ್ವನಿಗೆ ಹಿಂದಿಯಲ್ಲಿ ಚೆನ್ನಾಗಿಯೇ ಬೈದರು. ನಂತರ ನನಗೆ ಚಷ್ಮಾ ಬರೆದುಕೊಟ್ಟು ಹೇಳಿದರು: ಕಣ್ಣಿಗೆ ಮನೆಮದ್ದು ಹಾಕಬೇಡ, ಚಷ್ಮಾ ತೆಗೆದಿಡಬೇಡ, ಪುಸ್ತಕವನ್ನೂ ಮೊಬೈಲನ್ನೂ ಮೂಗಿಗೆ ಹಚ್ಚಬೇಡ. ಸ್ವಲ್ಪ ಓದಿದ ಮೇಲೆ ತಲೆ ಎತ್ತು, ಕಣ್ಣು ಮಿಟುಕಿಸು, ದೂರದ್ದು ಏನಾದರೂ ನೋಡು.

ದೂರವನ್ನು ಎಲ್ಲಿಂದ ತರುವುದು? ನಮ್ಮ ಕಿಟಕಿ ತೆರೆದರೆ ಕೈಗೆಟಕುವಂತೆ ಎದುರು ಬಿಲ್ಡಿಂಗಿನ ಗೋಡೆ. ನಮ್ಮ ಮಾಳಿಗೆಯಲ್ಲಿ ದೂರ ಎಂಬುದು ಇದ್ದದ್ದು ಒಂದೇ ಕಡೆ, ಖೋಲಿಗಳ ಮುಂದಿನ ಉದ್ದ ಗ್ಯಾಲರಿಯ ತುದಿಯಲ್ಲಿ. ಅಲ್ಲಿ ನಿಂತರೆ ನೀರಿನ ಟಾಕಿಗಳ ಆಚೆ ಮೋನೋರೈಲು, ಅದರಾಚೆ ಉಪ್ಪಿನ ಗದ್ದೆಗಳ ಬಿಳುಪು. ಆ ತುದಿ ದೊಡ್ಡಪ್ಪನ ಬಾಗಿಲ ಮುಂದೆಯೇ ಇತ್ತು. ನಮಗೂ ಆ ಗದ್ದೆಗಳಿಗೂ ನಡುವಿನ ತಗ್ಗು ಬಿಲ್ಡಿಂಗಿನ ಒಂದು ಖೋಲಿಯಲ್ಲಿ ಕೆಲಸಕ್ಕೆ ಬಂದ ಹುಡುಗರು ಬಾಡಿಗೆಗಿದ್ದರು. ನಾನು ಅವರ ತಲೆಯ ಮೇಲಿಂದ ಉಪ್ಪು ನೋಡುತ್ತಿದ್ದೆ. ದೊಡ್ಡಪ್ಪ ನನ್ನನ್ನು ನೋಡುತ್ತಿದ್ದರು.

ಒಂದು ಭಾನುವಾರ ಅವರು ಅಪ್ಪನ ಎದುರು ಬಂದು ಕೂತರು. "ತಮ್ಮಾ, ಹುಡುಗೀನ ಕಾಲೇಜು ಬಿಡಸು. ಅರ್ಧ ತಾಸಿಗೊಮ್ಮೆ ಗ್ಯಾಲರ್ಯಾಗ ನಿಂದರ್ತಾಳ. ಯಾರ್ನ ನೋಡ್ತಾಳ ಅಂತ ಮಂದಿ ನನ್ನ ಕೇಳಾಕತ್ತಾರ."

"ಯಾರ್ನೂ ಇಲ್ಲ. ದೂರ ನೋಡು ಅಂತ ಡಾಕ್ಟರ್ ಹೇಳ್ಯಾರ," ಅಂದೆ.

"ದವಾ ಅಂದ್ರ ಬಾಟ್ಲ್ಯಾಗ ಇರ್ತೈತವಾ. ದೂರ ನೋಡೂ ದವಾ ಯಾವ ಮೆಡಿಕಲ್‌ನ್ಯಾಗ ಸಿಗ್ತೈತಿ? ನಾನೂ ತರ್ತೀನಿ."

ಅಪ್ಪ ಅಣ್ಣನ ಮಾತು ಮೀರಿದ್ದನ್ನು ನಾನು ಕಂಡಿರಲಿಲ್ಲ. ನಾಳೆಯಿಂದ ಕಾಲೇಜಿಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವ್ವ ತನ್ನ ಕೆಲಸ ಎತ್ತಿಕೊಂಡು ಗ್ಯಾಲರಿಯ ತುದಿಗೆ ಹೋದಳು. ಅವಳು ಮನೆಯಲ್ಲೇ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಅವಳ ಕಣ್ಣುಗಳೂ ಸೋತಿದ್ದವು. ದೊಡ್ಡಪ್ಪನ ಬಾಗಿಲ ಮುಂದೆ ಚಾಪೆ ಹಾಸಿದಳು. ಸ್ವಲ್ಪ ಹೊತ್ತು ಹೊಲಿದು, ಇಡೀ ಮಾಳಿಗೆಗೆ ಕೇಳುವಂತೆ ಕೂಗಿದಳು. "ಬಾರವಾ, ಇಬ್ಬರೂ ಕಣ್ಣಿಗೆ ರಜಾ ಕೊಡೂಣು." ಕಾಲೇಜಿಗೆ ಹೊರಡದೆ ಕೂತಿದ್ದ ನಾನು ಎದ್ದು ಹೋದೆ. ಇಬ್ಬರೂ ಸೊಂಟದ ಮೇಲೆ ಕೈ ಇಟ್ಟುಕೊಂಡು ಉಪ್ಪಿನ ಗದ್ದೆ ನೋಡಿದೆವು. ಮಧ್ಯಾಹ್ನವೂ ನೋಡಿದೆವು. ಪಕ್ಕದ ಖೋಲಿಯವರು ನಗುತ್ತಿದ್ದರು. ನಗಲಿ.

ಸಂಜೆ ದೊಡ್ಡಪ್ಪ ಮತ್ತೆ ಬಂದು ಅಪ್ಪನನ್ನು ಕೇಳಿದರು, "ಬಿಡಸಿದ್ಯೋ ಇಲ್ಲೊ?"

ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. "ಅಣ್ಣಾ, ಈಗ ಅಕಿ ಅವ್ವನೂ ನೋಡಾಕತ್ತಾಳ. ಇಕಿನ್ನ ಯಾವ ಕಾಲೇಜಿಂದ ಬಿಡಸ್ಲಿ?"

ದೊಡ್ಡಪ್ಪ ಎದ್ದು ಹೋದರು. ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ನನ್ನ ಪರೀಕ್ಷೆ ಬಂದಾಗಲೆಲ್ಲ ಅವರ ಟಿವಿಯ ದನಿ ಮಾತ್ರ ಏರುತ್ತಿತ್ತು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಓದಿದೆ. ಲೋಕಲ್ ಟ್ರೇನಿನ ಕುಲುಕಾಟದಲ್ಲಿ ಪುಸ್ತಕ ಬಿಚ್ಚದೆ, ಕಣ್ಣು ಮುಚ್ಚಿ ಓದಿದ್ದನ್ನು ನೆನಪು ಮಾಡಿಕೊಂಡೆ. ಪಾಸಾದೆ. ಈಗ ಮಲಾಡಿನ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತರೂ ಆಗಾಗ ಎದ್ದು ಕಿಟಕಿಗೆ ಹೋಗುತ್ತೇನೆ. ಯಾರನ್ನು ನೋಡುತ್ತಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಡಿಗ್ರಿ ಪಾಸಾಗಿ ಸರ್ಟಿಫಿಕೇಟ್ ತಂದ ದಿನ, ಹಿರಿಯರ ಕೈಗೆ ಮೊದಲು ಕೊಡಬೇಕು ಎಂದರು ಅಪ್ಪ. ನನಗೆ ಮನಸ್ಸಿರಲಿಲ್ಲ. ಚಷ್ಮಾ ಒರೆಸಿ ಹಾಕಿಕೊಂಡು ಹೋಗಿ ಕೊಟ್ಟೆ. ದೊಡ್ಡಪ್ಪ ಅದನ್ನು ಹತ್ತಿರ ಹಿಡಿದರು. ತೋಳು ಚಾಚಿ ದೂರ ಹಿಡಿದರು. ಟ್ಯೂಬ್‌ಲೈಟಿನ ಕಡೆ ತಿರುಗಿಸಿದರು. ಅವರು ಈ ವಯಸ್ಸಿಗೂ ಚಷ್ಮಾ ಹಾಕಿದವರಲ್ಲ.

"ಅಕ್ಷರ ಭಾಳ ಸಣ್ಣು ಹಾಕ್ಯಾರ," ಎಂದರು, ತಪ್ಪು ಕಾಲೇಜಿನದು ಎಂಬಂತೆ.

ಅವರಿಗೆ ಹೇಳಲೆಂದು ನಾನು ವರ್ಷಗಟ್ಟಲೆ ಮಾತು ಕೂಡಿಟ್ಟಿದ್ದೆ. ಬಾಯಿ ತೆರೆಯುವಷ್ಟರಲ್ಲಿ, ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಸರಿಮಾಡಿಕೊಂಡಳು.

"ಗ್ಯಾಲರಿಗೆ ಹೋಗಿ ಸ್ವಲ್ಪ ದೂರ ನೋಡಿ ಬರ್ರಿ ಭಾವಾರ. ನಿಮಗ ಯಾರೂ ಏನೂ ಅನ್ನಂಗಿಲ್ಲ."