ಹನ್ನೆರಡು ಗಂಟೆಯ ದಿಕ್ಕು

ನನ್ನ ಗಂಡ ಹನುಮಂತನಿಗೆ ಇನ್ನೊಬ್ಬರ ಮನಸ್ಸು ನೋಯಿಸಲು ಬರುವುದಿಲ್ಲ. ಅವನ ಮನೆಯವರೆಲ್ಲ ಇದನ್ನೇ ದೊಡ್ಡ ಗುಣ ಎಂದು ಹೊಗಳುತ್ತಾರೆ. ಹದಿನಾಲ್ಕು ವರ್ಷ ಸಂಸಾರ ಮಾಡಿದವಳು ನಾನು, ನನ್ನನ್ನು ಕೇಳಿ. ಜಪಾನಿನ ನಗೋಯಾದ ಕಾರು ಕಂಪನಿಯಲ್ಲಿದ್ದಾಗ ಇಡೀ ವಿಭಾಗದ ಶನಿವಾರದ ಕೆಲಸ ಇವನ ತಲೆಗೇ ಬರುತ್ತಿತ್ತು. ನಾವಿಬ್ಬರೂ ದಾವಣಗೆರೆಯ ಒಂದೇ ಕಾಲೇಜಿನಲ್ಲಿ ಓದಿದವರು. ಹಾಗಾಗಿ ಅತ್ತೆಯವರ ಎದುರು ಬಿಟ್ಟರೆ ಉಳಿದ ಕಡೆಯೆಲ್ಲ ನಾನು ಅವನನ್ನು ಹೆಸರು ಹಿಡಿದೇ ಕರೆಯುವುದು, ಹೆಸರು ಹಿಡಿದೇ ಬೈಯುವುದು.

ಏಳು ವರ್ಷದ ಹಿಂದೆ ರಜೆಗೆಂದು ಹೊಕ್ಕೈಡೋಗೆ ಬಂದು, ಈ ಸಣ್ಣ ಬಂದರಿನಲ್ಲಿ ತಿಮಿಂಗಿಲ ತೋರಿಸುವ ದೋಣಿ ಹತ್ತಿದೆವು. ಹನುಮಂತ ಆ ದಿನ ಕಂಡಿದ್ದು ಒಂದೇ ಒಂದು ಬಾಲ. ಅಷ್ಟಕ್ಕೇ ತಲೆ ಕೆಟ್ಟಿತು. ಮರುವರ್ಷ ಕೆಲಸ ಬಿಟ್ಟು ಇಲ್ಲಿಗೇ ಬಂದ. ದೋಣಿಯ ಯಜಮಾನ ಹತಾಕೆಯಾಮಾ ಸಾನ್, ಊರೆಲ್ಲ ಕರೆಯುವುದು ಸೆಂಚೋ ಅಂತ, ಅಂದರೆ ಕ್ಯಾಪ್ಟನ್. ಯಾರು ಎತ್ತ ಎಂದು ವಿಚಾರಿಸದೆ ನಮ್ಮ ವೀಸಾ ಕಾಗದಕ್ಕೆ ಸಹಿ ಹಾಕಿದವರು. ಬಾಡಿಗೆ ಮನೆ ಹುಡುಕಿ, ಮೊದಲ ಚಳಿಗಾಲಕ್ಕೆ ಸೀಮೆಎಣ್ಣೆ ಒಲೆಯನ್ನು ತಾವೇ ಹೊತ್ತು ತಂದು ಇಟ್ಟುಹೋದವರು. ಹನುಮಂತ ಅವರನ್ನು ಹೆತ್ತ ತಂದೆಗಿಂತ ಹೆಚ್ಚಾಗಿ ನೋಡುತ್ತಾನೆ.

ಅವನ ಕೆಲಸ ತಿಮಿಂಗಿಲ ಹುಡುಕುವುದು. ದೋಣಿಯ ಮೇಲಟ್ಟದಲ್ಲಿ, ಚುಕ್ಕಾಣಿ ಹಿಡಿದ ಸೆಂಚೋ ಪಕ್ಕದಲ್ಲೇ ನಿಂತು, ಉಸಿರಿನ ಹಬೆ ಕಂಡ ಕೂಡಲೇ ಮೈಕಿನಲ್ಲಿ ಗಡಿಯಾರದ ಲೆಕ್ಕದಲ್ಲಿ ದಿಕ್ಕು ಕೂಗಬೇಕು. ದೋಣಿಯ ಮೂತಿ ಹನ್ನೆರಡು ಗಂಟೆ, ಬಲಕ್ಕೆ ಮೂರು, ಎಡಕ್ಕೆ ಒಂಬತ್ತು. "ಎರಡು ಗಂಟೆ, ಮುನ್ನೂರು ಮೀಟರ್" ಎಂದರೆ ಪ್ರವಾಸಿಗರ ಕ್ಯಾಮೆರಾಗಳೆಲ್ಲ ಅತ್ತ ತಿರುಗುತ್ತವೆ. ನಾನು ಬಂದರಿನ ಕಿಟಕಿಯಲ್ಲಿ ಟಿಕೆಟ್ ಕೊಟ್ಟು, ಲೈಫ್ ಜಾಕೆಟ್ ತೊಡಿಸಿ ಕಳಿಸುವವಳು. ನೀರಿನ ಮೇಲೆ ನನಗೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ದೋಣಿಯ ಸಹವಾಸಕ್ಕೆ ಹೋಗುವುದಿಲ್ಲ.

ಈ ಸಲದ ಸೀಸನ್ನಿನಲ್ಲಿ ದಿನಾ ಸಂಜೆ ಅವನ ಗಂಟಲು ಕಟ್ಟುತ್ತಿತ್ತು. ಮೆಣಸಿನ ಕಷಾಯ ಮಾಡಿಕೊಡುತ್ತಾ "ಇದ್ಯಾವ ಹರಿಕಥೆ ಮಾಡ್ತೀಯಪ್ಪ ಅಲ್ಲಿ?" ಎಂದು ರೇಗಿಸುತ್ತಿದ್ದೆ. ಅವನು ನಗುತ್ತಿರಲಿಲ್ಲ.

ಜುಲೈ ತಿಂಗಳ ಆ ಶನಿವಾರ ಡೆಕ್ಕಿನಲ್ಲಿ ಸಹಾಯಕ್ಕಿರುವ ಹೆಂಗಸು ಜ್ವರ ಎಂದು ಬರಲಿಲ್ಲ. ಮಧ್ಯಾಹ್ನ ಒಂದಕ್ಕೆ ಹೊರಡುವ ಟ್ರಿಪ್ಪಿಗೆ ನಾನೇ ಹತ್ತಬೇಕಾಯಿತು. ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಶುಂಠಿ ಮಿಠಾಯಿ ತಗೊಂಡು ಬಾಯಲ್ಲಿಟ್ಟುಕೊಂಡು ಹತ್ತಿದೆ.

ಬಂದರು ದಾಟುವ ಮುಂಚೆಯೇ ಹನುಮಂತ ಶುರು ಮಾಡಿದ. ಹನ್ನೊಂದು ಗಂಟೆ, ಅಲೆತಡೆ ಗೋಡೆ. ಎರಡು ಗಂಟೆ, ಬಲೆಯ ತೇಲುಬುರುಡೆ. ಒಂದು ಗಂಟೆ, ತೇಲುವ ಮರದ ದಿಮ್ಮಿ. ಪ್ರವಾಸಿಗರು ಕ್ಯಾಮೆರಾ ಎತ್ತಿದರೆ ಕಾಣುವುದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡು. ಒಬ್ಬಳು ಅಜ್ಜಿ ನನ್ನ ಕಡೆ ತಿರುಗಿ, "ವಿದೇಶಿ ಗೈಡ್ ತುಂಬಾ ಶ್ರದ್ಧೆಯವರು" ಎಂದಳು. ನಾನೂ ನಕ್ಕೆ. ಆಮೇಲೆ ತಲೆಯೆತ್ತಿ ಮೇಲಟ್ಟ ನೋಡಿದೆ. ಹನುಮಂತ ಒಂದೊಂದು ಸಲ ಕೂಗಿದಾಗಲೂ ಸೆಂಚೋ ಚುಕ್ಕಾಣಿ ತಿರುಗಿಸುತ್ತಿದ್ದರು. ಕೂಗಿದ ಮೇಲೆ ಮಾತ್ರ ತಿರುಗಿಸುತ್ತಿದ್ದರು.

ದಡಕ್ಕೆ ಬಂದು ಜನ ಇಳಿದ ತಕ್ಷಣ ಅವನನ್ನು ಹಗ್ಗದ ಕೋಣೆಗೆ ಎಳೆದುಕೊಂಡು ಹೋದೆ.

"ಸೆಂಚೋಗೆ ಕಣ್ಣು ಕಾಣಲ್ಲ ಅಲ್ವಾ?"

"ಪೂರ್ತಿ ಕಾಣಲ್ಲ ಅಂತಲ್ಲ ಭಾನು. ಬದಿಯದ್ದೆಲ್ಲ ಕಾಣುತ್ತೆ. ಎದುರಿಗಿರೋದು ಮಸುಕು. ಲೈಸೆನ್ಸಿನ ಕಣ್ಣು ಪರೀಕ್ಷೆ ಐದು ವರ್ಷಕ್ಕೊಂದು ಸಲ, ಎರಡು ವರ್ಷದ ಹಿಂದೆ ಪಾಸ್ ಆಗಿತ್ತು."

"ಯಾವಾಗಿನಿಂದ?"

"ಹೋದ ಅಕ್ಟೋಬರಿಂದ."

"ಅವರು ನಿನ್ನ ಹತ್ರ ಹೇಳಿದ್ರಾ?"

"ಇಲ್ಲ. ಒಂದಿನ ಬಲೆ ಮೇಲೆ ಹೋಗೋದ್ರಲ್ಲಿದ್ರು. ತಿಮಿಂಗಿಲ ಅನ್ನೋ ಹಾಗೆ ದಿಕ್ಕು ಕೂಗಿದೆ, ತಿರುಗಿಸಿದ್ರು. ಅವತ್ತಿಂದ ಕೂಗ್ತಾ ಇದೀನಿ. ಅವರೂ ಕೇಳಿಲ್ಲ, ನಾನೂ ಹೇಳಿಲ್ಲ. ಹೆಂಗೆ ಹೇಳಲಿ? ಇಪ್ಪತ್ತರ ವಯಸ್ಸಿಂದ ಸಮುದ್ರದಲ್ಲಿರೋರು. ನಿಮಗೆ ಕಾಣಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

"ಈಗಲೇ ಹೋಗಿ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

ಅವನು ನನ್ನ ಕೈ ಹಿಡಿದುಕೊಂಡ. "ಇದೊಂದು ಟ್ರಿಪ್ ಮುಗೀಲಿ. ಜನ ಆಗಲೇ ಕ್ಯೂ ನಿಂತಿದ್ದಾರೆ, ಅವರ ಮುಂದೆ ಬೇಡ. ಸಂಜೆ ಸೆಂಚೋ ಮನೆಗೆ ಹೋಗಿ, ಕೂತು ಹೇಳ್ತೀನಿ. ಆಣೆ ಮಾಡ್ತೀನಿ ಬೇಕಾದ್ರೆ."

ನಾನು ಮೂರ್ಖಳು. ಹೂಂ ಅಂದೆ. ಕಿಟಕಿಗೆ ಹೋಗಿ ಮೂರೂವರೆಯ ಟ್ರಿಪ್ಪಿನ ಮೂವತ್ತೆರಡು ಟಿಕೆಟ್ ಕೊಟ್ಟೆ. ಒಂದು ಕೈಗೂಸಿಗೆ ಲೈಫ್ ಜಾಕೆಟ್ ಸರಿಹೊಂದದೆ ಪಟ್ಟಿಯನ್ನು ಎರಡೆರಡು ಸಲ ಬಿಗಿ ಮಾಡಬೇಕಾಯಿತು. ಆದರೂ ಮಗುವನ್ನು ಹತ್ತಿಸಿದೆ.

ಆ ಟ್ರಿಪ್ಪಿನಲ್ಲಿ ನಾನು ಮೇಲಟ್ಟದ ಏಣಿಯ ಹತ್ತಿರವೇ ನಿಂತೆ. ಗಾಳಿ ಇರಲಿಲ್ಲ, ನೀರಿನ ಮೇಲೆ ತೆಳ್ಳಗೆ ಮಂಜು. ನಲವತ್ತು ನಿಮಿಷಕ್ಕೆ ಓರ್ಕಾ ತಿಮಿಂಗಿಲಗಳು ಸಿಕ್ಕವು, ತಾಯಿ ಮತ್ತು ಮರಿ. ಜನ ಮಾತು ಮರೆತು ನೋಡುತ್ತಿದ್ದರು. ನಾನು ಮಾತ್ರ ಬೆನ್ನು ತಿರುಗಿಸಿ ಹನುಮಂತನ ಬಾಯಿಯನ್ನೇ ನೋಡುತ್ತಿದ್ದೆ. ಬೆಳಗಿನಿಂದ ಮೂರನೆಯ ಟ್ರಿಪ್ಪು. ಅವನ ದನಿ ಆಗಲೇ ಒಡೆದಿತ್ತು.

ವಾಪಸು ಬರುವಾಗ ದನಿ ಪೂರ್ತಿ ನಿಂತುಹೋಯಿತು. ಮೈಕಿನಲ್ಲಿ ಬರೀ ಉಸಿರು. ಕೆಮ್ಮಿದ, ನೀರು ಕುಡಿದ, ಮತ್ತೆ ಬಾಯಿ ತೆರೆದ. ಶಬ್ದವೇ ಇಲ್ಲ. ಕೂಗು ಕೇಳಿಸದಿದ್ದರೆ ಸೆಂಚೋ ದೋಣಿ ನಿಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಆದರೆ ಅಷ್ಟು ತಿಂಗಳು ಹನುಮಂತ ಒಂದು ಕಡ್ಡಿಯನ್ನೂ ಬಿಡದೆ ಕೂಗಿದ್ದಾನೆ. ಅವನು ಸುಮ್ಮನಿದ್ದಾನೆ ಅಂದರೆ ಎದುರಿಗೆ ಏನೂ ಇಲ್ಲ ಎಂದೇ ಅವರ ಲೆಕ್ಕ. ಅವರು ನಿಶ್ಚಿಂತೆಯಿಂದ ವೇಗ ಹೆಚ್ಚಿಸಿದರು.

ಮಂಜಿನೊಳಗೆ ಒಂದು ಪುಟ್ಟ ದೋಣಿ ಕಾಣಿಸಿತು. ಒಬ್ಬ ಮುದುಕ ನಮಗೆ ಬೆನ್ನು ಹಾಕಿ ಬಲೆ ಎಳೆಯುತ್ತಿದ್ದ. ನೇರ ಎದುರಿಗೆ. ನಾನು ಕಿರುಚಿದೆ, ನನಗೇ ಗೊತ್ತಿಲ್ಲದೆ ಕನ್ನಡದಲ್ಲಿ. ಸೆಂಚೋ ತಿರುಗಿದ್ದು ನನ್ನ ಕಡೆಗೆ. ಆಗ ಹನುಮಂತ ಅವರ ಕೈಯನ್ನು ತಳ್ಳಿ ಎಂಜಿನ್ನಿನ ಹಿಡಿಯನ್ನು ಹಿಂದಕ್ಕೆ ಎಳೆದ. ಜನ ಮುಗ್ಗರಿಸಿದರು, ಮಗು ಅಳತೊಡಗಿತು. ಮುದುಕನ ದೋಣಿಗೂ ನಮಗೂ ಹತ್ತು ಮೀಟರ್ ಇದ್ದಾಗ ನಾವು ನಿಂತೆವು. ನಮ್ಮ ಅಲೆಗೆ ಅವನ ದೋಣಿ ಮಗುಚುವಷ್ಟು ವಾಲಿತು, ಹೇಗೋ ನೆಟ್ಟಗಾಯಿತು. ಅವನು ಅಂಚು ಹಿಡಿದುಕೊಂಡು ತಿರುಗಿ, ತಾನೇ ಅಡ್ಡ ಬಂದವನಂತೆ ತಲೆ ಬಾಗಿಸಿ "ಸುಮಿಮಾಸೆನ್, ಕ್ಷಮಿಸಿ" ಎಂದ.

ತಿಮಿಂಗಿಲ ಕಂಡು ನಿಲ್ಲಿಸಿದ್ದಾರೆ ಎಂದುಕೊಂಡು ಪ್ರವಾಸಿಗರು ಕ್ಯಾಮೆರಾ ಎತ್ತಿದರು. ಎಂಜಿನ್ ಸದ್ದಿನಲ್ಲಿ ಮುದುಕನ ದನಿ ಕೇಳಿಸದ ಸೆಂಚೋ ಕೂಡ ಹಾಗೇ ಅಂದುಕೊಂಡರು. ನೆಟ್ಟಗೆ ಆ ಮುದುಕನ ಮುಖವನ್ನೇ ನೋಡುತ್ತಾ ಕೇಳಿದರು, "ಹನು ಸಾನ್, ಎಷ್ಟು ಗಂಟೆ ದಿಕ್ಕು?"

ಹನುಮಂತನಿಗೆ ದನಿ ಇರಲಿಲ್ಲ. ನಾನು ಏಣಿ ಹತ್ತಿ ನನ್ನ ಹರಕು ಜಪಾನಿಯಲ್ಲಿ ಹೇಳಿದೆ, "ಸೆಂಚೋ, ಹನ್ನೆರಡು ಗಂಟೆ. ಹತ್ತು ಮೀಟರ್. ಮನುಷ್ಯ ಇದ್ದಾರೆ."

ಅವರು ಚುಕ್ಕಾಣಿಯಿಂದ ಕೈ ತೆಗೆದು, ತಡವಿ ರೇಡಿಯೋ ಎತ್ತಿಕೊಂಡರು. ಆ ಬಂದರಿನ ದೋಣಿಗಳೆಲ್ಲ ತಿಮಿಂಗಿಲದ ಸುದ್ದಿ ಹಂಚಿಕೊಳ್ಳುವ ರೇಡಿಯೋ ಅದು. ಎಲ್ಲರೂ ಕೇಳುತ್ತಾರೆ ಎಂದು ಗೊತ್ತಿದ್ದೇ ಹೇಳಿದರು. "ಹತಾಕೆಯಾಮಾ ಮಾತಾಡ್ತಿದ್ದೀನಿ. ನನಗೆ ಎದುರಿಗಿರೋದು ಕಾಣಿಸ್ತಿಲ್ಲ. ದಯವಿಟ್ಟು ಯಾರಾದರೂ ಬಂದು ದೋಣಿ ವಹಿಸಿಕೊಳ್ಳಿ."

ಬೇರೊಂದು ದೋಣಿಯ ಕ್ಯಾಪ್ಟನ್ ಬಂದು ನಮ್ಮದನ್ನು ದಡಕ್ಕೆ ತಂದ. ಜನ ಇಳಿದುಹೋದರು. ಹನುಮಂತ ಸೆಂಚೋ ಎದುರಿಗೆ ಮಂಡಿಯೂರಿ ಹಣೆಯನ್ನು ಡೆಕ್ಕಿಗೆ ತಾಗಿಸಿದ. ಅವರ ಕೈ ತಳ್ಳಿದ್ದಕ್ಕೆ ಕ್ಷಮೆ ಕೇಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು, ಮೈ ಉರಿದುಹೋಯಿತು.

ಸೆಂಚೋ ಅವನ ಭುಜ ಹಿಡಿದು ಎಬ್ಬಿಸಿದರು. "ಹೋದ ಅಕ್ಟೋಬರಿನಲ್ಲೇ ದೋಣಿ ಬಿಡಬೇಕು ಅಂತಿದ್ದೆ" ಎಂದರು. "ಅಷ್ಟರಲ್ಲಿ ನೀನು ಕೂಗೋಕೆ ಶುರು ಮಾಡಿದೆ. ನಾನು ಬಿಟ್ಟರೆ ನಿನ್ನ ವೀಸಾ ಏನಾಗುತ್ತೋ ಅಂತ ಹೆದರಿದ್ದೀಯ, ಬಿಡಬೇಡಿ ಅಂತ ಬಾಯಿಬಿಟ್ಟು ಕೇಳೋಕೆ ಸಂಕೋಚಪಟ್ಟು ಕೂಗ್ತಿದ್ದೀಯ ಅಂದುಕೊಂಡೆ. ನಿನಗೋಸ್ಕರ ಮುಂದುವರಿಸಿದೆ."

ಹನುಮಂತ ಶಬ್ದವಿಲ್ಲದೆ ಅಳತೊಡಗಿದ. ಸಮಾಧಾನ ಮಾಡಲು ನಾನು ಹತ್ತಿರ ಹೋಗಲಿಲ್ಲ. ದಿನಕ್ಕೆ ಮೂರು ಸಲ, ದೋಣಿ ತುಂಬ ಜನರನ್ನು ಕೂರಿಸಿಕೊಂಡು, ಈ ಇಬ್ಬರು ಒಳ್ಳೆಯವರು ಒಬ್ಬರಿಗೊಬ್ಬರು ಉಪಕಾರ ಮಾಡಿಕೊಂಡಿದ್ದರು. ಬೈಯೋಣವೆಂದರೆ ನನಗೂ ಬಾಯಿ ಬರಲಿಲ್ಲ. ಎಲ್ಲ ಗೊತ್ತಿದ್ದೂ ಆ ಕೂಸನ್ನು ದೋಣಿ ಹತ್ತಿಸಿದವಳು ನಾನು.