ಅಕ್ಕನ ಮನೆಯ ಸದ್ದು

ಓಣಿಯ ತುದಿಯಲ್ಲಿ ಹಳೆಯ ಮಿಕ್ಸಿ, ಫ್ಯಾನು, ಫ್ರಿಜ್ಜುಗಳ ರಿಪೇರಿ ಮಾಡುತ್ತಿದ್ದವನಿಗೆ ಗಪ್‌ಚುಪ್ ಎಂಬ ಅಡ್ಡಹೆಸರು ಬಿದ್ದದ್ದು ಮಾತು ಕಡಿಮೆ ಎಂದಲ್ಲ. ಮಾತಿಗೆ ಅವನಲ್ಲಿ ಬರವಿರಲಿಲ್ಲ. ಒಂದು ಪ್ಲಗ್ಗಿಗೆಂದು ಹೋದವರು ಅವನ ಬಾಯಿಗೆ ಸಿಕ್ಕಿ, ಹೊತ್ತು ಮಾಡಿಕೊಂಡು, ಮನೆಯಲ್ಲಿ ಬೈಸಿಕೊಳ್ಳುತ್ತಿದ್ದರು. ಹೆಸರು ಬಂದದ್ದು ಅವನ ಕೈಕೆಲಸದಿಂದ. ನಾಲ್ಕು ಮನೆಗೆ ಕೇಳುವಂತೆ ಅರಚುತ್ತಿದ್ದ ಮಿಕ್ಸಿ ಅವನ ಮೇಜಿನ ಮೇಲೆ ಒಂದು ದಿನ ಕೂತು ಬಂದರೆ ಸಾಕು, ಸಾಧುವಾಗಿಬಿಡುತ್ತಿತ್ತು. ಬೇರೆ ರಿಪೇರಿಯವರು ಯಂತ್ರ ಓಡಿದರೆ ಕೈ ತೊಳೆದುಕೊಳ್ಳುತ್ತಾರೆ. ಇವನಿಗೆ ಅಷ್ಟು ಸಾಲದು.

“ಮೈ ಸರಿಯಿದ್ರೆ ಯಾರಾದ್ರೂ ನರಳ್ತಾರೇನ್ರೀ?” ಎಂದು ಗಿರಾಕಿಗಳನ್ನೇ ಕೇಳುತ್ತಿದ್ದ. “ಮೆಷಿನ್ನೂ ಅಷ್ಟೇ. ಸದ್ದು ಮಾಡ್ತಿದೆ ಅಂದ್ರೆ ಎಲ್ಲೋ ನೋವಿದೆ ಅಂತ.”

ಮನೆಯಲ್ಲೂ ಅವನದೇ ರಾಜ್ಯ. ಕೆಟ್ಟ ಫ್ರಿಜ್ಜೊಂದು ಮಲಗುವ ಕೋಣೆಯಲ್ಲಿ ಬಟ್ಟೆಯ ಬೀರುವಾಗಿ ನಿಂತಿತ್ತು. ವಾಷಿಂಗ್ ಮೆಷಿನ್ನಿನ ಡ್ರಮ್ಮಿನಲ್ಲಿ ಗುಲಾಬಿ ಗಿಡ ಬೆಳೆದಿತ್ತು. “ನಾನು ಕೆಟ್ಟು ಕೂತ್ರೆ ನನ್ನನ್ನೂ ಎಸೆಯಲ್ಲ ಇವ್ರು, ಬಿಚ್ಚಿ ಅಂಗಿ ನೇತುಹಾಕೋ ಗೂಟ ಮಾಡ್ಕೋತಾರೆ” ಎಂದು ಹೆಂಡತಿ ಹೇಳುತ್ತಿದ್ದಳು. ಅದರಲ್ಲಿ ದೂರು ಎಷ್ಟು, ಹೆಮ್ಮೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಓಡುವ ಯಂತ್ರಗಳಂತೂ ಅವನ ಮನೆಯಲ್ಲಿ ಉಸಿರೆತ್ತುತ್ತಿರಲಿಲ್ಲ. ಫ್ರಿಜ್ಜು ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ಬೆನ್ನು ಮುಟ್ಟಿ ನೋಡಬೇಕಿತ್ತು.

ಇಂಥವನು ತಲೆ ತಗ್ಗಿಸುತ್ತಿದ್ದದ್ದು ಅಕ್ಕನ ಮನೆಯ ವಿಷಯ ಬಂದಾಗ ಮಾತ್ರ. ಎರಡು ಬೀದಿ ಆಚೆ, ಮಹಡಿಯ ಮೇಲೆ ಅವಳದು ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಮೆಟ್ಟಿಲು ಇಳಿದರೆ ಬಟ್ಟೆ ಒಗೆಯುವ ಜಾಗ. ತಾಯಿ ಬೇಗ ತೀರಿಕೊಂಡಾಗ ಇವನನ್ನೂ ಇವನ ತಮ್ಮನನ್ನೂ ಸಾಕಿದವಳು ಅವಳೇ. ಇಬ್ಬರನ್ನೂ ದಡ ಸೇರಿಸುವಷ್ಟರಲ್ಲಿ ಅವಳ ಮದುವೆಯ ಮಾತು ಹಿಂದೆ ಬಿದ್ದು ಹೋಗಿತ್ತು. ಈಗ ಸುತ್ತಲಿನ ಬಾಡಿಗೆ ಕೋಣೆಗಳ ಒಂಟಿ ಜನರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಬದುಕುತ್ತಿದ್ದಳು. ಅವಳ ವಾಷಿಂಗ್ ಮೆಷಿನ್ನನ್ನು ಕೆಟ್ಟ ಎರಡು ಮೆಷಿನ್ನುಗಳಿಂದ ಇವನೇ ಕಟ್ಟಿಕೊಟ್ಟಿದ್ದ. ಬೇರಿಂಗ್ ಸವೆದು, ಬಟ್ಟೆ ಹಿಂಡುವಾಗ ಅದು ಊಳಿಡುತ್ತಿತ್ತು. ಅಡುಗೆಮನೆಯ ಬಾಗಿಲ ಪಕ್ಕದ ಫ್ರಿಜ್ಜು ಗಡಗಡ ನಡುಗುತ್ತಿತ್ತು. ಕಿಟಕಿಯ ಬಳಿಯ ಟೇಬಲ್ ಫ್ಯಾನು ಕತ್ತು ತಿರುಗಿಸಿದಾಗಲೆಲ್ಲ ಟಕ್ ಎನ್ನುತ್ತಿತ್ತು. ಇವನು ಸ್ಕ್ರೂಡ್ರೈವರ್ ತೆಗೆದರೆ ಸಾಕು, “ಓಡ್ತಿದ್ಯಲ್ಲ, ಬಿಡೋ. ಅದರ ಪಾಡಿಗೆ ಅದಿರ್ಲಿ” ಎಂದು ಅಕ್ಕ ತಡೆಯುತ್ತಿದ್ದಳು. “ದೀಪದ ಬುಡದಲ್ಲೇ ಕತ್ತಲು” ಎಂದು ತಮ್ಮ ನಗುತ್ತಿದ್ದ. ಗಪ್‌ಚುಪ್‌ಗೆ ಮೈ ಉರಿಯುತ್ತಿತ್ತು.

ಅಕ್ಕನ ಕಣ್ಣಿನ ಚಿಂತೆ ಬೇರೆ ಇತ್ತು. ಒಂದರಲ್ಲಿ ನೋಟ ಪೂರ್ತಿ ಹೋಗಿದೆ, ಇನ್ನೊಂದನ್ನು ಜೋಪಾನ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಅಣ್ಣತಮ್ಮಂದಿರು ಆಗಲೇ ಕೂತು ತೀರ್ಮಾನ ಮಾಡಿದ್ದರು. ಎರಡನೆಯದೂ ಕೈಕೊಟ್ಟ ದಿನ ಮಹಡಿಯ ಮನೆ ಖಾಲಿ ಮಾಡುವುದು, ಬಟ್ಟೆಯ ಕೆಲಸ ಬಿಡಿಸುವುದು, ಅಕ್ಕ ಕೆಲವು ತಿಂಗಳು ಇಲ್ಲಿ, ಕೆಲವು ತಿಂಗಳು ಅಲ್ಲಿ. ತಮ್ಮ ಹೇಳಿದ್ದನ್ನು ಮಾಡಿಯೇ ತೀರುವ ಆಸಾಮಿ. ಅಕ್ಕ ಆಗ ಹ್ಞೂಂ ಎಂದಿದ್ದಳು. ಆಮೇಲೆ ಯಾವಾಗ ಕೇಳಿದರೂ, “ಇದೊಂದು ಚೆನ್ನಾಗಿದೆ ಕಣ್ರೋ” ಎನ್ನುತ್ತಿದ್ದಳು.

ಹೀಗಿರುವಾಗ ತಮ್ಮ ಅವಳನ್ನು ಬಲವಂತ ಮಾಡಿ ಕೆಲವು ದಿನದ ಮಟ್ಟಿಗೆ ತನ್ನ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಅವಳು ಸೋಫಾದ ಒಂದು ಮೂಲೆ ಹಿಡಿದು ಕೂತವಳು ಕೂತೇ ಇದ್ದಳಂತೆ. ಪಾಪ, ಜನ್ಮದಲ್ಲಿ ಮೊದಲ ಸಲ ಸುಧಾರಿಸಿಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ಸಂತೋಷಪಟ್ಟರು. ಇತ್ತ ಗಪ್‌ಚುಪ್‌ನ ಕೈ ತುರಿಸತೊಡಗಿತು. ಅಕ್ಕನ ಮನೆಯ ಇನ್ನೊಂದು ಬೀಗದಕೈ ಅವನಲ್ಲಿತ್ತು. ಅಂಗಡಿ ಮುಚ್ಚಿ ಹೋದವನೇ ವಾಷಿಂಗ್ ಮೆಷಿನ್ನಿಗೆ ಹೊಸ ಬೇರಿಂಗ್ ಕೂರಿಸಿದ. ಫ್ರಿಜ್ಜಿನ ಕಂಪ್ರೆಸರ್ ಕೆಳಗೆ ಕಲ್ಲಾಗಿದ್ದ ರಬ್ಬರು ತೆಗೆದು ಮೆತ್ತನೆಯದು ಹಾಕಿದ, ಮೈಗೆ ತಾಗುತ್ತಿದ್ದ ಪೈಪು ಬಿಡಿಸಿದ. ಫ್ಯಾನಿನ ಸವೆದ ಹಲ್ಲಿನ ಚಕ್ರ ಬದಲಿಸಿ ಗ್ರೀಸ್ ತುಂಬಿದ. ಹೆಂಡತಿ, “ಅತ್ತಿಗೇನ ಒಂದು ಮಾತು ಕೇಳ್ಬೇಕಿತ್ತು ರೀ” ಎಂದಳು. “ಕೇಳಿದ್ರೆ ಬೇಡ ಅಂತಾಳೆ” ಎಂದ. ಇಂಥ ಉಪಕಾರಿಗಳ ತರ್ಕವೇ ಹೀಗೆ.

ಅಕ್ಕ ಬರುವ ಸಂಜೆ ಅವನು ಮೊದಲೇ ಹೋಗಿ ಟ್ಯೂಬ್‌ಲೈಟ್ ಹಾಕಿ, ಫ್ಯಾನು ಹಚ್ಚಿ, ವಾಷಿಂಗ್ ಮೆಷಿನ್ನನ್ನೂ ಓಡಲು ಬಿಟ್ಟು ಕಾದು ಕೂತ. ತಮ್ಮ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿದ್ದ. ಅಕ್ಕ ಗೋಡೆ ಸವರಿಕೊಂಡು ಹತ್ತಿ ಬಂದಳು.

“ಬಾ ಅಕ್ಕಾ, ಬಾ” ಎಂದ ಇವನು.

ಅವಳು ಹೊಸ್ತಿಲಲ್ಲೇ ನಿಂತಳು. ಮುಖ ಒಂದು ಕಡೆ ವಾಲಿಸಿ, ಸ್ವಲ್ಪ ಹೊತ್ತು ಕಿವಿಗೊಟ್ಟಳು.

“ಕರೆಂಟ್ ಹೋಗಿದ್ಯೇನೋ?”

“ಇಲ್ವಲ್ಲ ಅಕ್ಕಾ, ಲೈಟ್ ಉರೀತಾ ಇದೆ ನೋ…”

ಟ್ಯೂಬ್‌ಲೈಟು ಅವಳ ತಲೆಯ ಮೇಲೇ ಇತ್ತು. ಬೆಳಕು ಅವಳ ಮುಖದ ಮೇಲೇ ಬೀಳುತ್ತಿತ್ತು. ಗಪ್‌ಚುಪ್ ಅವಳ ಕಣ್ಣುಗಳನ್ನು ನೋಡಿದ. ಅವು ಇವನಿಗಿಂತ ಸ್ವಲ್ಪ ಆಚೆ ಎಲ್ಲೋ ನೋಡುತ್ತಿದ್ದವು.

“ಚಿಕ್ಕೋನು ಮೇಲೆ ಬಂದ್ನಾ?” ಎಂದು ಅವಳು ಮೆಲ್ಲಗೆ ಕೇಳಿದಳು.

“ಇನ್ನೂ ಇಲ್ಲ.”

“ಬಂದ್ರೆ ಬಾಯಿ ಬಿಡ್ಬೇಡ.”

ತಮ್ಮ ಚೀಲ ಹೊತ್ತು ಬಂದ. ಕೋಣೆಯ ಮೌನ ಕೇಳಿ ಕಣ್ಣರಳಿಸಿ, “ಭೇಷ್ ಅಣ್ಣಾ! ಅಂತೂ ಗೆದ್ದೆ” ಎಂದು ಬೆನ್ನು ತಟ್ಟಿದ. ಅಕ್ಕ ಬಾಗಿಲ ಚೌಕಟ್ಟು ಹಿಡಿದು, ಅವನು ಹೊರಡುವವರೆಗೂ ಅಲ್ಲೇ ನಿಂತು ಮಾತಾಡಿದಳು. ಅವನು ಹೋದ ಮೇಲೆ ಕೈ ಚಾಚಿ ಎರಡು ಹೆಜ್ಜೆ ಇಟ್ಟು, ಇಸ್ತ್ರಿ ಮೇಜಿಗೆ ಸೊಂಟ ತಾಗಿಸಿಕೊಂಡಳು. ತನ್ನ ಮನೆಯಲ್ಲೇ ಅವಳು ದಿಕ್ಕು ತಪ್ಪಿದ್ದಳು.

ಗಪ್‌ಚುಪ್‌ಗೆ ಸಿಟ್ಟು ಬಂತು. “ಯಾವಾಗಿಂದ ಇದು? ಕಾದ ಇಸ್ತ್ರಿಪೆಟ್ಟಿಗೆ ಇಟ್ಕೊಂಡು ಕೆಲಸ ಮಾಡ್ತೀಯ! ಏನಾದ್ರೂ ಆಗಿದ್ರೆ?”

“ಹೋದ ಮಳೆಗಾಲದಿಂದ. ಏನಾದ್ರೂ ಆಯ್ತಾ? ಒಂದು ಅಂಗಿ ಸುಟ್ನಾ?” ಅವಳು ತಡವರಿಸಿ ಸ್ಟೂಲಿನ ಮೇಲೆ ಕೂತಳು. “ಫ್ರಿಜ್ಜು ಗಡಗಡ ಅಂದ ಕಡೆ ಅಡುಗೆಮನೆ. ಫ್ಯಾನು ಟಕ್ ಅಂದ ಕಡೆ ಇಸ್ತ್ರಿ ಮೇಜು. ಮೆಷಿನ್ನು ಬಡ್ಕೊಳ್ತಿದ್ರೆ ಹಿಂದಿನ ಮೆಟ್ಲು ಎಲ್ಲಿದೆ ಅಂತ ಗೊತ್ತಾಗೋದು. ಎಲ್ಲಾದ್ರ ಬಾಯಿ ಮುಚ್ಚಿಸ್ಬಿಟ್ಯಲ್ಲೋ, ಮಹಾರಾಯ.”

“ಗಂಟೆ ಕಟ್ಟಿಕೊಡ್ತೀನಿ. ಒಂದೊಂದು ಕಡೆ ಒಂದೊಂದು ಬಜರ್ ಇಡ್ತೀನಿ.”

“ಗಂಟೆ ಕಟ್ಟಿದ್ರೆ ಬಂದೋರೆಲ್ಲ ಯಾಕೆ ಅಂತ ಕೇಳ್ತಾರೆ. ಹಳೇ ಫ್ರಿಜ್ಜು ಗಡಗಡ ಅಂದ್ರೆ ಯಾರು ಕೇಳ್ತಾರೆ?”

ನಮ್ಮ ಮನೆಗೆ ಬಂದುಬಿಡು ಎನ್ನಲು ಅವನು ಬಾಯಿ ತೆರೆದ. ಆಗ ತನ್ನ ಮನೆ ಕಣ್ಣ ಮುಂದೆ ಬಂತು. ಉಸಿರೆತ್ತದ ಫ್ರಿಜ್ಜು, ಪಿಸುಗುಟ್ಟದ ಫ್ಯಾನು, ಅಷ್ಟು ವರ್ಷ ಬೆವರು ಸುರಿಸಿ ಮಾಡಿಟ್ಟ ಮೌನ. ಅಲ್ಲಿ ಅಕ್ಕ ಒಂದು ಮೂಲೆ ಹಿಡಿದರೆ ಏಳುವ ಹಾಗಿಲ್ಲ. ತಮ್ಮನ ಮನೆಯ ಸೋಫಾದಲ್ಲಿ ಅವಳು ಸುಧಾರಿಸಿಕೊಳ್ಳುತ್ತಿರಲಿಲ್ಲ ಎಂದು ಈಗ ತಿಳಿಯಿತು. ತೆರೆದ ಬಾಯಿ ಮುಚ್ಚಿಕೊಂಡ.

“ಇದ್ದ ಹಾಗೆ ಮಾಡ್ಕೊಡು” ಎಂದಳು ಅಕ್ಕ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಗುಜರಿ ಡಬ್ಬಿಯಲ್ಲಿ ಹಾಕಿದ್ದ ಸವೆದ ಬೇರಿಂಗನ್ನು ಹುಡುಕಿ ಮತ್ತೆ ಕೂರಿಸಿದ. ಒಳ್ಳೆಯ ರಬ್ಬರು ಕಿತ್ತ. ಪೈಪು ಬಗ್ಗಿಸಿ ಫ್ರಿಜ್ಜಿನ ಮೈಗೆ ತಾಗಿಸಿದ. ಅಕ್ಕ ಪಕ್ಕದಲ್ಲಿ ಕೂತು, “ಇದಲ್ಲ, ಇದು ಗುರ್ ಅಂತಿದೆ… ಇನ್ನೂ ಸ್ವಲ್ಪ… ಹಾಂ, ಇದು ನಮ್ಮದು” ಎನ್ನುತ್ತಿದ್ದಳು. ಫ್ಯಾನಿನ ಟಕ್ ಮಾತ್ರ ಮೊದಲಿನ ಹಾಗೆ ಬರಲಿಲ್ಲ. ಟಕ್ ಹೋಗಿ ಟಿಕ್ ಆಯಿತು. ಅವಳು ಅದನ್ನೇ ಒಪ್ಪಿಕೊಂಡಳು. ಕೆಲಸ ಮುಗಿದಾಗ ಗಪ್‌ಚುಪ್‌ಗೆ ಮೈಯೆಲ್ಲ ಕೊಳೆಯಾದ ಹಾಗೆ ಅನ್ನಿಸಿತು. ತಪ್ಪು ಮಾಡುತ್ತಿದ್ದೇನೆ ಎಂಬ ಭಯವೂ ಇತ್ತು. ಅಂದಿನಿಂದ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅಕ್ಕನ ಮನೆಯ ಕೆಳಗೆ ಹಾದು, ಮೇಲಿನ ಗದ್ದಲ ಕೇಳಿಸಿಕೊಂಡೇ ಮುಂದೆ ಹೋಗುತ್ತಿದ್ದ. ಹೆಂಡತಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ತಮ್ಮ ಅಕ್ಕನನ್ನು ನೋಡಲು ಬಂದ. ಗಪ್‌ಚುಪ್ ಅಲ್ಲೇ ಇದ್ದ. ಫ್ಯಾನನ್ನು ಮಧ್ಯೆ ಇಟ್ಟುಕೊಂಡು ಇಬ್ಬರೂ ಕಿಟಕಿಯ ಬಳಿ ಕೂತರು.

“ಏನಣ್ಣಾ, ವಾರಾನೂ ಬಾಳಿಲ್ವಲ್ಲ ನಿನ್ನ ರಿಪೇರಿ!” ಎಂದು ತಮ್ಮ ಬಿದ್ದು ಬಿದ್ದು ನಕ್ಕ. “ಊರಿಗೆ ಹೇಳ್ತೀನಿ ಇರು.”

“ಹೇಳು” ಎಂದ ಇವನು.

ಅಕ್ಕ ಟೀ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಳು. ನೇರವಾಗಿ, ಸರಾಗವಾಗಿ ಬರುತ್ತಿದ್ದಳು. ಕೋಣೆಯ ನಡುವೆ ಬಂದಾಗ ಕರೆಂಟ್ ಹೋಯಿತು. ಹಗಲು ಬೆಳಕು, ಕೋಣೆಯಲ್ಲಿ ಏನೂ ಬದಲಾಗಲಿಲ್ಲ. ಫ್ಯಾನು ನಿಂತಿತು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಅಕ್ಕ ನಿಂತಲ್ಲೇ ನಿಂತಳು. ತಟ್ಟೆಯ ಲೋಟಗಳು ಒಂದಕ್ಕೊಂದು ತಾಗಿದವು. ತಮ್ಮನ ನಗು ನಿಂತಿತು. ಅವನು ಅಕ್ಕನ ಮುಖ ನೋಡತೊಡಗಿದ.

ಗಪ್‌ಚುಪ್ ಫ್ಯಾನಿನ ಕತ್ತು ಹಿಡಿದು ಅಂಗೈಯಿಂದ ರಪ್ಪನೆ ಬಡಿದ. “ಹಾಳಾದ್ದು! ಎಷ್ಟು ಸಲ ಬಿಚ್ಚಿದ್ರೂ ಅಷ್ಟೇ!” ಮತ್ತೆ ಬಡಿದ. ತಂತಿಯ ಜಾಲರಿ ಝಣ ಝಣ ಎಂದಿತು.

“ಕರೆಂಟ್ ಹೋದ್ರೆ ಅದೇನ್ ಮಾಡುತ್ತೋ ಅಣ್ಣಾ?” ತಮ್ಮ ಇತ್ತ ತಿರುಗಿದ.

“ಕರೆಂಟಿದ್ದಾಗ ಏನ್ ಮಹಾ ಕಡಿದು ಕಟ್ಟೆ ಹಾಕಿತ್ತು? ನನ್ನ ಕೈಲಾಗ್ಲಿಲ್ಲ ಕಣೋ. ಈ ಮನೇಲಿ ಒಂದು ಸಾಮಾನೂ ನನ್ನ ಕೈಲಿ ಸರಿ ಹೋಗ್ಲಿಲ್ಲ. ಸೋತೆ. ಯಾರಿಗೆ ಬೇಕಾದ್ರೂ ಹೇಳು, ಸೋತೆ!”

ಇಂಥ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. ತಮ್ಮನಿಗೆ ಮತ್ತೆ ನಗು ಒತ್ತರಿಸಿಕೊಂಡು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಗಪ್‌ಚುಪ್ ಬಯ್ಯುತ್ತಲೇ ಇದ್ದ, ಬಡಿಯುತ್ತಲೇ ಇದ್ದ. ಅಕ್ಕ ಹೆಜ್ಜೆ ತೆಗೆದಳು. ಒಂದು, ಇನ್ನೊಂದು, ಮತ್ತೊಂದು. ತಟ್ಟೆಯ ಅಂಚು ಅವನ ಭುಜಕ್ಕೆ ತಾಗಿದಾಗ ಅವನು ಬಡಿಯುವುದನ್ನು ನಿಲ್ಲಿಸಿ, ಟೀ ಲೋಟ ತೆಗೆದುಕೊಂಡ.